ನೆಲ ಒಣಗಿದೆ, ರೇಡಿಯೇಟರ್ ಖಾಲಿ: ಹಳೇ ಜೀಪಿನ ಕೂಲೆಂಟ್ ಸೋರಿಕೆ ಹುಡುಕುವ ಬಗೆ

ಕೊಡಗಿನ ನಮ್ಮ ತೋಟದ ಜೀಪಿಗೆ ಮೂವತ್ತು ವರ್ಷ ದಾಟಿದೆ. ಡೀಸೆಲ್ ಎಂಜಿನ್. ಗೊಬ್ಬರ ತರುವುದು, ಕೊಯ್ಲಿನ ಕಾಲದಲ್ಲಿ ಕಾಫಿ ಚೀಲಗಳನ್ನು ಕಣಕ್ಕೆ ಹೊರುವುದು, ಸಂತೆಗೆ ಗೋಣಿಕೊಪ್ಪಕ್ಕೆ ಹೋಗಿಬರುವುದು, ಎಲ್ಲಕ್ಕೂ ಅದೇ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅದು ನೀರು ಕುಡಿಯಲು ಶುರುಮಾಡಿತು. ವಾರಕ್ಕೆ ಹೆಚ್ಚುಕಡಿಮೆ ಒಂದು ಲೀಟರ್. ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಮಾತ್ರ ಒಂದು ಹನಿ ಇಲ್ಲ.

ಒಂದು ವರ್ಕ್‌ಶಾಪಿನಲ್ಲಿ ರೇಡಿಯೇಟರ್ ಬದಲಾಯಿಸಿದರು. ಸೋರಿಕೆ ನಿಲ್ಲಲಿಲ್ಲ. ವಾಟರ್ ಪಂಪ್ ಬದಲಾಯಿಸಿದರು. ನಿಲ್ಲಲಿಲ್ಲ. ಕೊನೆಗೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲ್, ಹೋಗಿದೆ ಅಂದರು. ಹೆಡ್ ಬಿಚ್ಚಿಸಿ, ಅದರ ಮೈ ಸಮ ಮಾಡುವ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿದೆವು. ಆಗಲೂ ವಾರಕ್ಕೆ ಒಂದು ಲೀಟರ್ ಹೋಗುತ್ತಲೇ ಇತ್ತು. ಸೋರುತ್ತಿದ್ದದ್ದು ಎಂಜಿನ್ ಬ್ಲಾಕಿನ ಹಿಂದಿದ್ದ ಒಂದು ಸಣ್ಣ ತಗಡಿನ ಬಿಲ್ಲೆ. ಮೂರು ದೊಡ್ಡ ಕೆಲಸಗಳನ್ನೂ ಊಹೆಯ ಮೇಲೆ ಮಾಡಿಸಿದ್ದೆವು. ಒಂದು ಸಲವೂ ಅಳೆದು ನೋಡಿರಲಿಲ್ಲ. ಹಳೇ ಗಾಡಿ ಇಟ್ಟುಕೊಂಡಿರುವ ಬೇರೆಯವರಿಗೆ ಆ ಖರ್ಚು ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ತೂತು ಎಲ್ಲಿದೆ ಅಂತ ಗೊತ್ತಾಗಿರಬೇಕು.

ಬಿಸಿ ಎಂಜಿನ್ನಿನ ಕ್ಯಾಪ್ ಮುಟ್ಟಬೇಡಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಯಾದ ರೇಡಿಯೇಟರ್ ಒಳಗಿನ ನೀರು ನೂರು ಡಿಗ್ರಿ ದಾಟಿದ್ದರೂ ಕುದಿಯದೆ ಸುಮ್ಮನಿರುತ್ತದೆ, ಯಾಕೆಂದರೆ ಕ್ಯಾಪ್ ಅದನ್ನು ಒತ್ತಿ ಹಿಡಿದಿರುತ್ತದೆ. ಕ್ಯಾಪ್ ತಿರುಗಿಸಿದ ಕ್ಷಣ ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸನ್ನು ಕೈಯಿಂದ ಅಮುಕಿ ನೋಡಿ. ಅದು ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇದೆ ಎಂದರ್ಥ. ತಣ್ಣಗಾಗಿ ಮೆತ್ತಗಾಗುವವರೆಗೆ ಕಾಯಿರಿ. ಅದಕ್ಕೆ ಒಂದು ಗಂಟೆಯಾದರೂ ಬೇಕಾಗಬಹುದು. ಆಮೇಲೂ ದಪ್ಪ ಬಟ್ಟೆ ಹಾಕಿ, ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ, ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಇನ್ನೊಂದು ವಿಷಯ ನಾಯಿಗಳದ್ದು. ಕೂಲೆಂಟ್ ಅಂದರೆ ಎಂಜಿನ್ ತಂಪಾಗಿಡಲು ರೇಡಿಯೇಟರಿಗೆ ಹಾಕುವ ದ್ರವ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದರ ರುಚಿ ಸಿಹಿ, ಆದರೆ ಅದು ವಿಷ. ನೆಲದ ಮೇಲೆ ಬಿದ್ದದ್ದನ್ನು ನಾಯಿ ನೆಕ್ಕಿದರೆ ಕಿಡ್ನಿ ಹಾಳಾಗಿ ಸಾಯಬಹುದು. ತೋಟದ ಮನೆಗಳಲ್ಲಿ ನಾಯಿಗಳು ಗಾಡಿ ಕೆಳಗೇ ಮಲಗುತ್ತವೆ ಅಲ್ವಾ? ಚೆಲ್ಲಿದ್ದನ್ನು ಕೂಡಲೇ ಜಾಸ್ತಿ ನೀರು ಹಾಕಿ ತೊಳೆದು ಒರೆಸಿ. ಹಳೇ ಕೂಲೆಂಟನ್ನು ತೋಡಿಗೋ ಹೊಳೆಗೋ ಚೆಲ್ಲಬೇಡಿ. ಮುಚ್ಚಳ ಇರುವ ಕ್ಯಾನಿನಲ್ಲಿ ಹಿಡಿದು, ಹಳೇ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಇದು ನಿಜವಾಗಿ ಕೂಲೆಂಟೇ?

ಬಯಲುಸೀಮೆಯಲ್ಲಿ ಗಾಡಿ ಕೆಳಗೆ ಒದ್ದೆ ಕಂಡರೆ ಏನೋ ಸೋರಿದೆ ಅಂತಲೇ ಅರ್ಥ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಒದ್ದೆ. ಚಾಸಿಯ ಸಂದುಗಳಲ್ಲಿ ನಿಂತ ಮಳೆನೀರು ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಮಳೆನೀರು ಬಿದ್ದು ಬಾನೆಟ್ಟಿನಿಂದ ಹಬೆ ಏಳುತ್ತದೆ. ಎಸಿ ಇರುವ ಕಾರಾದರೆ ಮುಂದಿನ ಸೀಟಿನ ಕೆಳಭಾಗದಿಂದ ಶುದ್ಧ ನೀರು ಬೀಳುವುದೂ ಸಹಜ.

ಬೆರಳಿಗೆ ಹಚ್ಚಿ ಉಜ್ಜಿ ನೋಡಿ. ಮಳೆನೀರು ಬೇಗ ಒಣಗುತ್ತದೆ. ಕೂಲೆಂಟ್ ಸ್ವಲ್ಪ ಜಾರುತ್ತದೆ, ಅಂಟಿದ ಹಾಗಿರುತ್ತದೆ. ವಾಸನೆಯಲ್ಲಿ ಒಂದು ತರಹ ಸಿಹಿ ಇರುತ್ತದೆ. ಬಾಯಿಗೆ ಮಾತ್ರ ಹಾಕಬೇಡಿ. ಬಣ್ಣ ಹಸಿರೋ ಗುಲಾಬಿಯೋ ಕಿತ್ತಳೆಯೋ ಇದ್ದರೆ ಸುಲಭವಾಗಿ ಗೊತ್ತಾಗುತ್ತದೆ. ಬರೀ ನೀರು ಹಾಕಿ ಓಡಿಸುತ್ತಿರುವ ಗಾಡಿಯಲ್ಲಿ ಈ ಯಾವ ಗುರುತೂ ಸಿಗುವುದಿಲ್ಲ. ತುಕ್ಕಿನ ಬಣ್ಣವೊಂದೇ ಸಿಗಬಹುದು. ಸೋರಿಕೆ ಹುಡುಕುವುದಕ್ಕಾದರೂ ಬಣ್ಣದ ಕೂಲೆಂಟ್ ಬೇಕು.

ಗಾಡಿಯನ್ನು ರಾತ್ರಿ ಒಣ ಶೆಡ್ಡಿನಲ್ಲಿ ನಿಲ್ಲಿಸಿ. ಒಂದು ಗಂಟೆ ಬಿಟ್ಟು, ಮಳೆನೀರೆಲ್ಲ ತೊಟ್ಟಿಕ್ಕಿದ ಮೇಲೆ, ಕೆಳಗೆ ಅಗಲವಾದ ರಟ್ಟು ಹಾಸಿ. ರಟ್ಟಿನ ಮೇಲೆ ಮುಂದಿನ ಚಕ್ರ, ರೇಡಿಯೇಟರ್, ಗೇರ್‌ಬಾಕ್ಸ್ ಎಲ್ಲಿ ಬರುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಹನಿ ಬಿದ್ದ ಜಾಗವೇ ತೂತಿನ ಜಾಗ ಅಂತ ಮಾತ್ರ ತಿಳಿಯಬೇಡಿ. ನೀರು ಚಾಸಿ ಹಿಡಿದುಕೊಂಡು ಒಂದೆರಡು ಅಡಿ ಹರಿದು ಆಮೇಲೆ ಬೀಳುತ್ತದೆ. ತೋಟದ ಶೆಡ್ಡಿನ ನೆಲವೂ ಸಮ ಇರುವುದಿಲ್ಲ.

ಎಷ್ಟು ಹೋಗುತ್ತಿದೆ, ಯಾವಾಗ ಹೋಗುತ್ತಿದೆ

ಒಂದು ಸಣ್ಣ ನೋಟ್‌ಬುಕ್ ಇಡಿ. ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಮಟ್ಟ ನೋಡಿ. ರಿಸರ್ವ್ ಬಾಟಲಿ ಇದ್ದರೆ ಅದರ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಹಾಕಿದ ನೀರನ್ನು ಅಳತೆ ಲೋಟದಲ್ಲಿ ಅಳೆದೇ ಹಾಕಿ. ಪಕ್ಕದಲ್ಲಿ ಕಿಲೋಮೀಟರ್ ಬರೆಯಿರಿ. ಆ ದಿನ ಘಾಟಿ ಹತ್ತಿತೋ, ಭಾರ ಇತ್ತೋ, ಸುಮ್ನೆ ಶೆಡ್ಡಿನಲ್ಲೇ ನಿಂತಿತ್ತೋ, ಅದನ್ನೂ ಬರೆಯಿರಿ. ಎರಡು ವಾರ ಸಾಕು.

ನಿಂತ ಗಾಡಿಯಲ್ಲೂ ನೀರು ಇಳಿದರೆ ತೂತು ಹೆಚ್ಚಾಗಿ ಹೊರಗಿರುತ್ತದೆ, ರಟ್ಟಿನ ಮೇಲೆ ಹುಡುಕಿ. ಓಡಿದ ದಿನ ಮಾತ್ರ ಇಳಿದರೆ ಒತ್ತಡ ಬಂದಾಗ ತೆರೆಯುವ ತೂತು. ಭಾರ ಹೊತ್ತು ಏರು ಹತ್ತಿದ ದಿನ ಮಾತ್ರ ಜಾಸ್ತಿ ಹೋದರೆ ಕ್ಯಾಪ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ.

ಹಳೇ ಜೀಪುಗಳಲ್ಲಿ ಒಂದು ಸುಳ್ಳು ಸೋರಿಕೆ ಇದೆ. ಕೆಲವಕ್ಕೆ ರಿಸರ್ವ್ ಬಾಟಲಿಯೇ ಇಲ್ಲ, ಕ್ಯಾಪಿನ ಕೆಳಗಿಂದ ಒಂದು ಸಣ್ಣ ಪೈಪ್ ನೆಲಕ್ಕೆ ಬಿಟ್ಟಿರುತ್ತಾರೆ ಅಷ್ಟೇ. ಅಂಥ ರೇಡಿಯೇಟರಿಗೆ ಬಾಯಿತುಂಬ ನೀರು ಹಾಕಿದರೆ, ಬಿಸಿಯಾದಾಗ ನೀರು ಹಿಗ್ಗಿ ಜಾಸ್ತಿಯಾದದ್ದು ಹೊರಗೆ ಹೋಗುತ್ತದೆ. ಮರುದಿನ ಮಟ್ಟ ಒಂದಿಂಚು ಕೆಳಗಿರುತ್ತದೆ. ನಾವು ಮತ್ತೆ ತುಂಬಿಸುತ್ತೇವೆ, ಅದು ಮತ್ತೆ ಹೊರಗೆ ಹಾಕುತ್ತದೆ. ಅದಕ್ಕೆ ಬೇಕಾದ ಮಟ್ಟ ಅದೇ. ರೇಡಿಯೇಟರಿನ ಒಳಗಿನ ನಳಿಗೆಗಳು (ಕೋರ್) ಮುಳುಗಿದ್ದರೆ ಬಿಟ್ಟುಬಿಡಿ, ವಾರ ನೋಡಿ. ಇನ್ನೂ ಇಳಿಯುತ್ತಿದ್ದರೆ ಮಾತ್ರ ಸೋರಿಕೆ ಅನ್ನಿ.

ಕ್ಯಾಪ್: ಮಡಿಕೇರಿಯಲ್ಲಿ ನೀರು 96ಕ್ಕೇ ಕುದಿಯುತ್ತದೆ

ರೇಡಿಯೇಟರ್ ಕ್ಯಾಪನ್ನು ಬರೀ ಮುಚ್ಚಳ ಅಂದುಕೊಂಡವರೇ ಜಾಸ್ತಿ. ಅದು ಎರಡು ವಾಲ್ವ್ ಇರುವ ಒಂದು ಸಣ್ಣ ಯಂತ್ರ. ಗುಡ್ಡದ ಊರಿನಲ್ಲಿ ಅದರ ಕೆಲಸ ಇನ್ನೂ ಹೆಚ್ಚು.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ ಸುಮಾರು 96ಕ್ಕೇ ಕುದಿಯುತ್ತದೆ. ಈಗ ಎಂಜಿನ್ ಕಡೆ ನೋಡಿ. 82 ಡಿಗ್ರಿಗೆ ಬಾಯಿ ಬಿಡಲು ಶುರುಮಾಡುವ ಥರ್ಮೋಸ್ಟಾಟ್ (ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಪೂರ್ತಿ ತೆರೆಯುವುದು 95ರ ಆಸುಪಾಸಿನಲ್ಲಿ. ಅಂದರೆ ಕ್ಯಾಪ್ ಸತ್ತಿದ್ದರೆ, ಥರ್ಮೋಸ್ಟಾಟ್ ಪೂರ್ತಿ ತೆರೆಯುವ ಹೊತ್ತಿಗೆ ನೀರು ಕುದಿಯಲು ತಯಾರಾಗಿರುತ್ತದೆ. ಘಾಟಿಯ ಬುಡದ ಸಂಪಾಜೆಯಿಂದ ಲೋಡ್ ಹಾಕಿಕೊಂಡು ಹತ್ತುವ ಗಾಡಿ ಮೇಲೆ ಬರುವಷ್ಟರಲ್ಲಿ ಉಕ್ಕುವುದು ಇದಕ್ಕೇ.

ಕ್ಯಾಪ್ ಸರಿಯಿದ್ದರೆ ಕತೆ ಬೇರೆ. ಮೇಲೆ 0.9 ಅಂತ ಬರೆದಿರುವ ಕ್ಯಾಪ್ ಸುಮಾರು 13 ಪೌಂಡ್ ಒತ್ತಡದವರೆಗೆ ನೀರನ್ನು ಒಳಗೆ ಹಿಡಿದಿಡುತ್ತದೆ. ಆಗ ಮಡಿಕೇರಿಯಲ್ಲೂ ಬರೀ ನೀರೇ 115 ಡಿಗ್ರಿಯ ಹತ್ತಿರದವರೆಗೆ ಕುದಿಯುವುದಿಲ್ಲ. ಅರ್ಧ ಕೂಲೆಂಟ್ ಇದ್ದರೆ ಇನ್ನೂ ಮೇಲೆ.

ತಣ್ಣಗಿರುವಾಗ ಕ್ಯಾಪ್ ತೆಗೆದು ಒಳಗಿನ ರಬ್ಬರ್ ನೋಡಿ. ಬಿರುಕು, ಗಟ್ಟಿಯಾದದ್ದು, ಅಂಚು ಕತ್ತರಿಸಿದ್ದು ಕಂಡರೆ ಬದಲಾಯಿಸಿ. ನಡುವಿನ ಸಣ್ಣ ವಾಲ್ವನ್ನು ಉಗುರಿನಿಂದ ಎಳೆಯಿರಿ. ಅದು ಬಂದು ಹಿಂದಕ್ಕೆ ಹೋಗಬೇಕು. ಅದು ಕಚ್ಚಿಕೊಂಡರೆ ಎಂಜಿನ್ ತಣ್ಣಗಾಗುವಾಗ ನೀರು ಬಾಟಲಿಯಿಂದ ವಾಪಸ್ ಬರುವುದಿಲ್ಲ. ಬೆಳಿಗ್ಗೆ ನೋಡಿದರೆ ಮೇಲಿನ ಹೋಸ್ ಚಪ್ಪಟೆಯಾಗಿರುತ್ತದೆ. ರೇಡಿಯೇಟರಿನ ಬಾಯಿಯ ಅಂಚನ್ನೂ ಬೆರಳಾಡಿಸಿ ನೋಡಿ. ಅಲ್ಲಿ ಕಿಲುಬು ಕಟ್ಟಿದ್ದರೆ ಹೊಸ ಕ್ಯಾಪ್ ಕೂಡ ಕೂರುವುದಿಲ್ಲ. ಹೊಸದು ತರುವಾಗ ಹಳೆಯದರ ಮೇಲಿನ ನಂಬರೇ ಇರಬೇಕು. ಜಾಸ್ತಿ ಒತ್ತಡದ್ದು ಒಳ್ಳೆಯದು ಅಂತ ಹಾಕಿದರೆ ಮೂವತ್ತು ವರ್ಷದ ರೇಡಿಯೇಟರ್ ಬೆಸುಗೆ ಬಿಡುತ್ತದೆ.

ಈ ಇಡೀ ವ್ಯವಸ್ಥೆಯ ಅಗ್ಗದ ವಸ್ತುಗಳಲ್ಲಿ ಇದೂ ಒಂದು. ಮೊದಲು ಇದನ್ನೇ ನೋಡಿ.

ಹೋಸ್, ಕ್ಲಿಪ್, ಪಂಪ್, ರೇಡಿಯೇಟರ್

ಹೋಸುಗಳನ್ನು ತಣ್ಣಗಿರುವಾಗ ಅಮುಕಿ. ಒಳ್ಳೆಯ ಹೋಸ್ ಬಿಗಿಯಾಗಿ ಬಗ್ಗಿ ವಾಪಸ್ ಬರುತ್ತದೆ. ಹಳೆಯದು ಒಂದೋ ಕಟಕಟ ಅನ್ನುತ್ತದೆ, ಇಲ್ಲ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಕ್ಲಿಪ್ ಪಕ್ಕದ ಉಬ್ಬು, ಸಣ್ಣ ಬಿರುಕು, ಬಿಳಿಯೋ ಹಸಿರೋ ಪುಡಿ ಕಟ್ಟಿದ ಗೆರೆ, ಇವೆಲ್ಲ ಸೋರಿಕೆಯ ಹೆಜ್ಜೆಗುರುತು. ನೀರು ಆರಿಹೋದರೂ ಆ ಪುಡಿ ಉಳಿಯುತ್ತದೆ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುತ್ತವೆ. ಹಲ್ಲಿನ ಗುರುತು ಇದೆಯಾ ನೋಡಿ.

ಚಳಿಗಾಲದ ಒಂದು ಸೋರಿಕೆ ಬಗ್ಗೆ ಹೇಳಲೇಬೇಕು. ಡಿಸೆಂಬರ್, ಜನವರಿಯ ಬೆಳಿಗ್ಗೆ, ಅರೇಬಿಕಾ ಕೊಯ್ಲಿನ ಗಡಿಬಿಡಿಯಲ್ಲಿ, ಗಾಡಿ ಕೆಳಗೆ ನಾಲ್ಕು ಹನಿ ಬಿದ್ದಿರುತ್ತದೆ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿದರೆ ಏನೂ ಇಲ್ಲ. ವರ್ಕ್‌ಶಾಪಿಗೆ ಒಯ್ದಾಗ ಎಂಜಿನ್ ಬಿಸಿ, ಅವರಿಗೆ ಏನೂ ಕಾಣುವುದಿಲ್ಲ. ಕಾರಣ ಸರಳ. ಚಳಿಗೆ ಲೋಹ, ರಬ್ಬರ್ ಎರಡೂ ಕುಗ್ಗುತ್ತವೆ, ಆದರೆ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಗಟ್ಟಿಯಾದ ಹಳೇ ರಬ್ಬರ್ ಪೈಪನ್ನು ಬಿಟ್ಟು ಕೂದಲೆಳೆಯಷ್ಟು ದೂರ ಸರಿಯುತ್ತದೆ. ಬಿಸಿಯಾದಾಗ ಮತ್ತೆ ಕೂರುತ್ತದೆ. ಇಂಥದ್ದಕ್ಕೆ ಗಾಡಿಯನ್ನು ರಾತ್ರಿಯೇ ವರ್ಕ್‌ಶಾಪಿನಲ್ಲಿ ಬಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ ಅಂತ ಹೇಳಿ. ಕ್ಲಿಪ್ ಒಂದು ಸುತ್ತು ಬಿಗಿ ಮಾಡಿದರೆ ಕೆಲವೊಮ್ಮೆ ಸಾಕು. ಜಾಸ್ತಿ ಬಿಗಿ ಮಾಡಿದರೆ ಕ್ಲಿಪ್ ರಬ್ಬರನ್ನೇ ಕತ್ತರಿಸುತ್ತದೆ. ಹೋಸ್ ಹಳೆಯದಾದರೆ ಬದಲಾಯಿಸುವುದೇ ಸರಿ. ಬಿಚ್ಚಿದಾಗ ಪೈಪಿನ ತುದಿಯ ಕಿಲುಬನ್ನು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಹೊಸ ಹೋಸೂ ಸೋರುತ್ತದೆ.

ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಹೋದಾಗ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಗೆ ಬರಲಿ ಅಂತ. ಆ ತೂತಿನಿಂದ ಕೆಳಕ್ಕೆ ಪುಡಿಯ ಗೆರೆ ಇದ್ದರೆ ಪಂಪಿನ ಆಯುಸ್ಸು ಮುಗಿಯುತ್ತಿದೆ. ಕೆಲವರು ಆ ತೂತಿಗೆ ಎಂ-ಸೀಲ್ ತುಂಬುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಬೇರಿಂಗಿಗೆ ನುಗ್ಗಿ, ಅದು ಕಿತ್ತುಹೋಗಿ, ಫ್ಯಾನ್ ಬಂದು ರೇಡಿಯೇಟರನ್ನೇ ಸೀಳಬಹುದು. ಎಂಜಿನ್ ನಿಲ್ಲಿಸಿ ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ ಇದ್ದರೆ ಪಂಪ್ ಹೋಗಿದೆ.

ರೇಡಿಯೇಟರ್ ತಾಮ್ರ ಹಿತ್ತಾಳೆಯದ್ದಾದರೆ ಬೆಸುಗೆ ಹಾಕಿಸಬಹುದು. ಹಳೇ ಜೀಪಿನವರಿಗೆ ಅದೊಂದು ದೊಡ್ಡ ಅನುಕೂಲ. ನಂತರದ ಕಾರುಗಳಲ್ಲಿ ಅಲ್ಯುಮಿನಿಯಂ ಕೋರ್, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕ್. ಆ ಪ್ಲಾಸ್ಟಿಕ್ ವಯಸ್ಸಾದಂತೆ ಪೆಡಸಾಗಿ ಸೀಳುತ್ತದೆ. ಅಂಟು ಹಾಕಿದ್ದು ಊರು ಮುಟ್ಟುವವರೆಗೆ ಮಾತ್ರ. ಹೊರಗಿನ ರೆಕ್ಕೆಗಳಲ್ಲಿ ಕೆಸರು, ಹುಲ್ಲಿನ ಬೀಜ, ಹುಳು ತುಂಬಿದ್ದರೆ ಸೋರಿಕೆ ಇಲ್ಲದೆಯೇ ಗಾಡಿ ಕಾಯುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರಿನ ವಾಟರ್ ಗನ್ ರೆಕ್ಕೆಗಳನ್ನು ಮಡಚಿಬಿಡುತ್ತದೆ.

ಹೀಟರ್ ಇರುವ ಕಾರಾದರೆ ಕಾಲ ಬಳಿಯ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಜುಲೈನಲ್ಲಿ ಒದ್ದೆ ಚಪ್ಪಲಿಯಿಂದಲೂ ಮ್ಯಾಟ್ ನೆನೆಯುತ್ತದೆ, ಅದು ಬೇರೆ. ಆದರೆ ಹೀಟರ್ ಹಾಕಿದಾಗ ಗಾಜಿನ ಒಳಗೆ ಜಿಡ್ಡಿನಂಥ ಮಂಜು ಕಟ್ಟಿ, ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ.

ಪ್ರೆಶರ್ ಟೆಸ್ಟ್: ನಮ್ಮ ಜೀಪಿನ ಉತ್ತರ ಸಿಕ್ಕಿದ್ದು ಇಲ್ಲೇ

ಒಂದು ಸಣ್ಣ ಕೈಪಂಪು, ಅದರ ಮೇಲೆ ಗೇಜ್, ತುದಿಯಲ್ಲಿ ರೇಡಿಯೇಟರಿನ ಬಾಯಿಗೆ ಕೂರುವ ಕ್ಯಾಪ್. ಇಷ್ಟೇ ಉಪಕರಣ. ಎಂಜಿನ್ ಪೂರ್ತಿ ತಣ್ಣಗಿರಬೇಕು, ನೀರು ಪೂರ್ತಿ ಇರಬೇಕು. ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡಕ್ಕೆ ಪಂಪ್ ಮಾಡಿ ಬಿಡಿ. ಅದಕ್ಕಿಂತ ಜಾಸ್ತಿ ಬೇಡ. ಹದಿನೈದು ನಿಮಿಷ ಮುಳ್ಳು ಕದಲದೆ ನಿಂತರೆ ಹೊರಗೆ ಸೋರಿಕೆ ಇಲ್ಲ ಅನ್ನಬಹುದು. ಇಳಿದರೆ ಟಾರ್ಚ್ ಹಿಡಿದು ಹುಡುಕಿ.

ಬಿಸಿ ಎಂಜಿನ್ನಿನಲ್ಲಿ ಕಾಣದ್ದು ಇದರಲ್ಲಿ ಯಾಕೆ ಕಾಣುತ್ತದೆ? ಸಣ್ಣ ತೂತಿನಿಂದ ನೀರು ಹೊರಬರಲು ಒತ್ತಡ ಬೇಕು. ಓಡುವ ಗಾಡಿಯಲ್ಲಿ ಒತ್ತಡ ಬಂದಾಗ ಬ್ಲಾಕೂ ಬಿಸಿಯಾಗಿರುತ್ತದೆ. ಬಂದ ಹನಿ ಅಲ್ಲೇ ಆರಿಹೋಗುತ್ತದೆ. ಶೆಡ್ಡಿಗೆ ಬಂದು ತಣ್ಣಗಾದಾಗ ಒತ್ತಡ ಇಳಿಯುತ್ತದೆ, ಹನಿಯೂ ನಿಲ್ಲುತ್ತದೆ. ಹಾಗಾಗಿ ನೆಲ ಯಾವಾಗಲೂ ಒಣ. ಕೈಪಂಪು ತಣ್ಣನೆಯ ಎಂಜಿನ್ನಿಗೆ ಒತ್ತಡ ಕೊಡುತ್ತದೆ. ಆಗ ಬಂದ ಹನಿಗೆ ಆರಿಹೋಗಲು ದಾರಿಯೇ ಇಲ್ಲ.

ನಮ್ಮ ಜೀಪಿಗೆ ಒಬ್ಬ ಹಿರಿಯ ಮೆಕ್ಯಾನಿಕ್ ಶೆಡ್ಡಿಗೇ ಬಂದು ಇದನ್ನು ಮಾಡಿದರು. ಪಂಪ್ ಮಾಡಿ, ಕೆಳಗೆ ರಟ್ಟು ಹಾಸಿ, ಇಬ್ಬರೂ ಕಾಫಿ ಕುಡಿಯಲು ಕೂತೆವು. ಮುಳ್ಳು ಮೆಲ್ಲಗೆ ಇಳಿಯಿತು. ಸುಮಾರು ಇಪ್ಪತ್ತು ನಿಮಿಷಕ್ಕೆ ಬೆಲ್ ಹೌಸಿಂಗಿನ ಕೆಳಗಿನ ತೂತಿನಿಂದ ಒಂದು ಹನಿ ಬಿತ್ತು. ಕ್ಲಚ್ ಇರುವ ಜಾಗ ಅದು. ಅಲ್ಲಿ ನೀರಿಗೆ ಏನು ಕೆಲಸ? ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಬ್ಲಾಕಿನ ಹಿಂಭಾಗದ ಕೋರ್ ಪ್ಲಗ್ ತುಕ್ಕು ತಿಂದು, ಸೂಜಿಮೊನೆಯಷ್ಟು ತೂತಾಗಿತ್ತು.

ಕೋರ್ ಪ್ಲಗ್ ಅಂದರೆ ಬ್ಲಾಕಿನಲ್ಲಿರುವ ದುಂಡನೆಯ ತಗಡಿನ ಬಿಲ್ಲೆ. ಕೆಲವು ಮೆಕ್ಯಾನಿಕ್‌ಗಳು ಡಮ್ಮಿ ಅನ್ನುತ್ತಾರೆ. ಬ್ಲಾಕನ್ನು ಎರಕ ಹೊಯ್ಯುವಾಗ ನೀರಿನ ದಾರಿಗಳಿಗೆ ಒಳಗೆ ಮರಳಿನ ಅಚ್ಚು ಇಡುತ್ತಾರೆ. ಆಮೇಲೆ ಆ ಮರಳನ್ನು ಹೊರಗೆ ತೆಗೆಯಲು ತೂತುಗಳು ಬೇಕು. ಆ ತೂತುಗಳನ್ನು ಮುಚ್ಚುವ ಬಿಲ್ಲೆಗಳು ಇವು. ತೆಳ್ಳಗಿನ ಉಕ್ಕು, ಆದ್ದರಿಂದ ಒಳಗಿನಿಂದ ತುಕ್ಕು ಹಿಡಿದರೆ ಮೊದಲು ತೂತಾಗುವುದೇ ಇವು.

ನಮ್ಮದಕ್ಕೆ ತುಕ್ಕು ಹಿಡಿಸಿದ್ದು ನಾವೇ. ವರ್ಷಗಟ್ಟಲೆ ತೋಡಿನ ನೀರು, ಬೋರ್‌ವೆಲ್ ನೀರು ಹಾಕಿದ್ದೆವು. ಇಲ್ಲೇನು ನೀರು ಹೆಪ್ಪುಗಟ್ಟುತ್ತದೆಯೇ, ಕೂಲೆಂಟ್ ಯಾಕೆ ಅನ್ನುವ ಮಾತು ನಮ್ಮ ಕಡೆ ತುಂಬ ಇದೆ. ಹೆಪ್ಪುಗಟ್ಟದಿರುವುದು ಕೂಲೆಂಟಿನ ಒಂದು ಗುಣ ಮಾತ್ರ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ, ನಮಗೆ ಬೇಕಾದದ್ದು ಅದು. ಒಂದು ಪ್ಲಗ್ ಹೋದರೆ ಉಳಿದವೂ ಅದೇ ನೀರಿನಲ್ಲಿ ಇದ್ದವೇ. ಗೇರ್‌ಬಾಕ್ಸ್ ಇಳಿಸಿದ್ದರಿಂದ ಎಲ್ಲವನ್ನೂ ಹಿತ್ತಾಳೆಯವಕ್ಕೆ ಬದಲಾಯಿಸಿದೆವು. ಕ್ಲಚ್ ಪ್ಲೇಟೂ ಅದೇ ಖರ್ಚಿನಲ್ಲಿ ಆಯಿತು.

ಒಳಗೇ ಸೋರಿದರೆ

ಪ್ರೆಶರ್ ಟೆಸ್ಟಿನಲ್ಲಿ ಹೊರಗೆ ಎಲ್ಲೂ ಹನಿ ಇಲ್ಲ, ಆದರೆ ನೀರು ಕಡಿಮೆಯಾಗುತ್ತಲೇ ಇದೆ ಎಂದಾದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಯೋಚನೆ ಮಾಡಿ. ಅದಕ್ಕೂ ಮೊದಲು ನಮ್ಮ ಹವೆ ಕೊಡುವ ಮೂರು ಸುಳ್ಳು ಸುಳಿವುಗಳನ್ನು ಪಕ್ಕಕ್ಕಿಡಬೇಕು.

ಆಯಿಲ್ ಹಾಕುವ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಜಿಡ್ಡು ಕಂಡ ಕೂಡಲೇ ಗ್ಯಾಸ್ಕೆಟ್ ಹೋಯಿತು ಅನ್ನುತ್ತಾರೆ. ಮಳೆಗಾಲದಲ್ಲಿ ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಅದು ಇರುವುದು ಸಹಜ. ಎಂಜಿನ್ ಪೂರ್ತಿ ಬಿಸಿಯಾಗದೆ ಗಾಳಿಯ ತೇವ ಅಲ್ಲೇ ಕೂರುತ್ತದೆ. ಮುಚ್ಚಳ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಅದರಲ್ಲೂ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಮಟ್ಟ ಏರಿದ್ದರೆ, ನೀರು ಸೇರಿದೆ. ಸಂಶಯ ಇದ್ದರೆ ಹೊರಗೆ, ಅಡುಗೆಗೆ ಬಳಸದ ಒಂದು ಹಳೇ ತಗಡನ್ನು ಕಾಯಿಸಿ ಎರಡು ಹನಿ ಆಯಿಲ್ ಬಿಡಿ. ನೀರಿದ್ದರೆ ಸಾಸಿವೆಯ ಹಾಗೆ ಚಟಪಟ ಸಿಡಿಯುತ್ತದೆ. ನೀರು ಸೇರಿದ ಆಯಿಲಿನಲ್ಲಿ ಎಂಜಿನ್ ಓಡಿಸಿದರೆ ಬೇರಿಂಗುಗಳು ಉಳಿಯುವುದಿಲ್ಲ. ಅಲ್ಲೇ ನಿಲ್ಲಿಸಿ.

ಎರಡನೆಯದು ಬಿಳಿ ಹೊಗೆ. ಚಳಿಯ ಬೆಳಿಗ್ಗೆ ಎಲ್ಲ ಗಾಡಿಯ ಸೈಲೆನ್ಸರಿನಿಂದಲೂ ಹಬೆ ಬರುತ್ತದೆ. ಬಿಸಿಯಾದ ಮೇಲೂ ಬರುತ್ತಿದ್ದರೆ, ಸಿಹಿ ವಾಸನೆ ಇದ್ದರೆ, ಆಗ ಚಿಂತಿಸಿ. ಮೂರನೆಯದು ಹಳೇ ಡೀಸೆಲ್ ಎಂಜಿನ್ನಿನ ಬೂದು ಬಿಳಿ ಹೊಗೆ. ಅದು ಪೂರ್ತಿ ಉರಿಯದ ಡೀಸೆಲ್. ಹಬೆ ಬೇಗ ಕರಗುತ್ತದೆ. ಡೀಸೆಲ್ ಹೊಗೆ ಗಾಳಿಯಲ್ಲೇ ನಿಂತು ಕಣ್ಣು ಉರಿಸುತ್ತದೆ.

ಗುಳ್ಳೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ರಾತ್ರಿಯೆಲ್ಲ ನಿಂತ ಎಂಜಿನ್, ಕ್ಯಾಪ್ ತೆಗೆದು ಬಾಯಿಯವರೆಗೆ ನೀರು. ಸ್ಟಾರ್ಟ್ ಮಾಡಿ ನೀರಿನ ಮೇಲ್ಮೈ ನೋಡಿ. ಟವೆಲ್, ಅಂಗಿಯ ತೋಳು ಫ್ಯಾನಿನಿಂದ ದೂರ ಇರಲಿ. ಮೊದಲಿಗೆ ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ. ನಿಲ್ಲದೆ ಬರುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿಯಾದರೆ, ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಇನ್ನೊಂದು ಒಳ್ಳೆಯ ಗುರುತು ಹೋಸ್. ಕ್ಯಾಪ್ ಹಾಕಿ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ. ನೀರು ಇನ್ನೂ ಬಿಸಿಯಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಆ ಒತ್ತಡ ಶಾಖದ್ದಲ್ಲ, ಗ್ಯಾಸಿನದ್ದು. ವರ್ಕ್‌ಶಾಪುಗಳಲ್ಲಿ ಒಂದು ನೀಲಿ ದ್ರವದ ಪರೀಕ್ಷೆಯೂ ಇದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರೊಳಗೆ ಎಳೆದಾಗ ದಹನದ ಗ್ಯಾಸ್ ಇದ್ದರೆ ಬಣ್ಣ ಬದಲಾಗುತ್ತದೆ.

ನಮ್ಮ ಹೆಡ್ ಬಿಚ್ಚುವ ಮೊದಲು ಇವುಗಳಲ್ಲಿ ಒಂದನ್ನೂ ಮಾಡಿರಲಿಲ್ಲ. ನೀವು ಕೇಳಿ. ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು ಅಂತ ಕೇಳುವುದು ನಿಮ್ಮ ಹಕ್ಕು.

ಒಂದು ಅಪಾಯ ಇಲ್ಲಿನ ಅಭ್ಯಾಸಕ್ಕೆ ಸೇರಿದ್ದು. ಬ್ಯಾಟರಿ ಇಳಿದರೆ ನಾವು ಜೀಪನ್ನು ಇಳಿಜಾರಿಗೆ ಬಿಟ್ಟು ಗೇರ್ ಹಾಕಿ ಸ್ಟಾರ್ಟ್ ಮಾಡುತ್ತೇವೆ. ಗ್ಯಾಸ್ಕೆಟ್ ಹೋದ ಎಂಜಿನ್ನಿನಲ್ಲಿ ರಾತ್ರಿ ನೀರು ಸಿಲಿಂಡರಿಗೆ ಇಳಿದಿರಬಹುದು. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು. ಸ್ಟಾರ್ಟರ್ ಒಂದೇ ಸಲ ಡಬ್ ಅಂತ ನಿಂತರೆ ಬ್ಯಾಟರಿ ಅಂದುಕೊಂಡು ಇಳಿಜಾರಿಗೆ ಬಿಡಬೇಡಿ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜೆಕ್ಟರ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿಸಿ.

ಘಾಟಿಯಲ್ಲಿ ಕೈಕೊಟ್ಟರೆ

ಟೆಂಪರೇಚರ್ ಗೇಜಿನ ಮುಳ್ಳು ಮೇಲೇರುತ್ತಿದ್ದರೆ ಎಸಿ ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಜಾಗ ನೋಡಿ ನಿಲ್ಲಿಸಿ. ಮಳೆಯಲ್ಲಿ ಗುಡ್ಡ ಕಡಿದ ಬದಿಯ ಕೆಳಗೆ ಮಾತ್ರ ಬೇಡ. ತಣ್ಣಗಾಗಲು ಒಂದು ಗಂಟೆ ಅಲ್ಲೇ ಕೂರಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದದ್ದನ್ನು ನಾವು ಮರೆತಿಲ್ಲ.

ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಮಾಧಾನ ಪಡಬೇಡಿ. ನೀರೆಲ್ಲ ಹೋಗಿ ಸೆನ್ಸರ್ ಖಾಲಿ ಜಾಗದಲ್ಲಿ ಉಳಿದಿರಬಹುದು. ಆಗ ತಕ್ಷಣ ಎಂಜಿನ್ ಆಫ್ ಮಾಡಿ. ಪಕ್ಕದ ಝರಿಯ ತಣ್ಣೀರನ್ನು ಕಾದ ಎಂಜಿನ್ನಿಗೆ ಸುರಿಯಬೇಡಿ, ಹೆಡ್ ಸೀಳುತ್ತದೆ. ಪೂರ್ತಿ ತಣ್ಣಗಾದ ಮೇಲೆ ಝರಿ ನೀರು ಹಾಕಿ ಮನೆ ಸೇರಬಹುದು. ಆಮೇಲೆ ಅದನ್ನು ಬಸಿದು ಸರಿಯಾದದ್ದು ತುಂಬಿಸಿ.

ಅರಿಶಿನ ಪುಡಿ ಹಾಕುವುದು ಲಾರಿಯವರ ಹಳೇ ಉಪಾಯ. ಅಂಗಡಿಯಲ್ಲಿ ಸಿಗುವ ಲೀಕ್ ಪುಡಿಯೂ ಅದೇ ಜಾತಿಯದ್ದು. ಸಣ್ಣ ತೂತನ್ನು ಅವು ಮುಚ್ಚುವುದು ನಿಜ. ಆದರೆ ರೇಡಿಯೇಟರಿನ ಸಣ್ಣ ನಳಿಗೆಗಳೂ ಅವಕ್ಕೆ ತೂತೇ. ದಾರಿಯಲ್ಲಿ ಬೇರೆ ದಿಕ್ಕಿಲ್ಲದಾಗ ಹಾಕಿ. ಹಾಕಿದ್ದರೆ ಮೆಕ್ಯಾನಿಕ್‌ಗೆ ಹೇಳಿ, ಫ್ಲಶ್ ಮಾಡಿಸಿ.

ಮತ್ತೆ ತುಂಬಿಸುವಾಗ

ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ರೆಡಿ ಮಿಕ್ಸ್ ಆದರೆ ನೀರು ಸೇರಿಸಬೇಡಿ, ಕ್ಯಾನಿನ ಮೇಲೆ ಬರೆದಿರುತ್ತದೆ. ಬಣ್ಣ ನೋಡಿ ಬೆರೆಸಬೇಡಿ. ಬಣ್ಣ ಆಯಾ ಕಂಪನಿಯ ಇಷ್ಟ, ಒಳಗಿನ ರಾಸಾಯನಿಕ ಬೇರೆ ಇರಬಹುದು. ಬೇರೆ ಬೇರೆ ಬಗೆಯವು ಸೇರಿದರೆ ಕೆಲವೊಮ್ಮೆ ಗಸಿ ಕಟ್ಟುತ್ತದೆ. ಹಳೇ ಮಾದರಿಯ ಹಸಿರು ಕೂಲೆಂಟನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಾನು ಆಯುಧ ಪೂಜೆಗೆ ಗಾಡಿ ತೊಳೆಯುವ ವಾರ ಅದನ್ನು ಇಟ್ಟುಕೊಂಡಿದ್ದೇನೆ. ಮಳೆ ಮುಗಿದಿರುತ್ತದೆ, ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ.

ಗಾಡಿಯ ಮೂತಿ ಮೇಲಕ್ಕೆ ಇರುವ ಹಾಗೆ ಏರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಆಗ ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ. ಮೆಲ್ಲಗೆ ತುಂಬಿಸಿ, ಹೋಸುಗಳನ್ನು ಅಮುಕುತ್ತಾ ಇರಿ, ಗಾಳಿ ಹೊರಬರುತ್ತದೆ. ಹೀಟರ್ ಇದ್ದರೆ ತೆರೆದಿಡಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಐಡಲಿನಲ್ಲಿ ಓಡಲಿ, ಮಟ್ಟ ಇಳಿದಷ್ಟು ಸೇರಿಸಿ, ಉಕ್ಕುವ ಮೊದಲೇ ಕ್ಯಾಪ್ ಹಾಕಿ. ಒಳಗೆ ಗಾಳಿ ಉಳಿದರೆ ಹೊಸದಾಗಿ ರಿಪೇರಿ ಮಾಡಿಸಿದ ಗಾಡಿಯೂ ಕಾಯುತ್ತದೆ.

ಹೊಸ ಹೋಸ್ ಹಾಕಿದ್ದರೆ ಒಂದು ದಿನ ಓಡಿಸಿ, ರಾತ್ರಿ ತಣ್ಣಗಾದ ಮೇಲೆ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ನೋಟ್‌ಬುಕ್ ಮುಚ್ಚಬೇಡಿ. ಇನ್ನೂ ಮೂರು ವಾರ ಬೆಳಿಗ್ಗೆ ಮಟ್ಟ ನೋಡಿ ಬರೆಯಿರಿ, ಅದರಲ್ಲಿ ಒಂದು ದಿನವಾದರೂ ಭಾರ ಹಾಕಿ ಏರು ಹತ್ತಿಸಿ. ಗೆರೆ ಕದಲಿರದಿದ್ದರೆ ಸೋರಿಕೆ ನಿಂತಿದೆ.